ಹಸಿರೊಳಗಿನ ಹಸಿ

ಕನ್ನಡದ ಬಣ್ಣದ ಹೆಸರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿದರೆ, ಪದಗಳ ಬೆನ್ನುಹತ್ತುವ ಚಟವಿರುವ ನಮ್ಮಂಥವರಿಗೆ ಒಂದು ಸೋಜಿಗ ಕಾಣುತ್ತದೆ. ಕೆಂಪು ಎಂಬುದು ಕೆಚ್ಚನೆ, ಕೆಂಡ, ಕೆಂದಾವರೆ ಎಂದು ತನ್ನ ಬಳಗದೊಳಗೇ ಸುತ್ತುತ್ತದೆ. ಕಪ್ಪು ಕರಿಯಾಗಿ, ಕಾರ್ಮುಗಿಲಾಗಿ ಕವಿಯುತ್ತದೆ. ಬಿಳುಪು ಬೆಳ್ಳಿಯಲ್ಲೋ ಬೆಳುದಿಂಗಳಲ್ಲೋ ಹೊಳೆಯುತ್ತದೆ. ಇವೆಲ್ಲ ಕಣ್ಣಿನ ಪದಗಳು, ಕಣ್ಣು ಮುಚ್ಚಿದರೆ ಇವಕ್ಕೆ ಕೆಲಸವಿಲ್ಲ. ಹಸಿರು ಹಾಗಲ್ಲ. ಅದು ಕೈಗೆ ತಣ್ಣಗೆ ತಗಲುತ್ತದೆ, ನಾಲಿಗೆಗೆ ಒಗರಾಗಿ ರುಚಿಸುತ್ತದೆ, ಮರದ, ಕಾಯಿಯ, ಕೂಸಿನ ವಯಸ್ಸನ್ನು ಹೇಳುತ್ತದೆ. ಬಣ್ಣ ಎಂಬುದು ಅದರ ಹಲವು ಅರ್ಥಗಳಲ್ಲಿ ಒಂದು, ಅಷ್ಟೆ. ಕಾಲಾಂತರದಲ್ಲಿ ಆ ಒಂದೇ ಅರ್ಥ ಉಳಿದವನ್ನೆಲ್ಲ ಹಿಂದೆ ಸರಿಸಿ ಮುಂದಿನ ಸಾಲಿಗೆ ಬಂದು ಕುಳಿತಿತು. ಈಚಿನ ಐವತ್ತು ವರ್ಷಗಳಲ್ಲಿ ಈ ಪದ ನೆಲ ಬಿಟ್ಟು ಮೇಲೇರಿ, ಉಪಗ್ರಹಗಳ ಲೆಕ್ಕಾಚಾರದೊಳಗೆ ಹೊಕ್ಕು, ಅಲ್ಲಿ ತನ್ನ ಬಣ್ಣವನ್ನು ಕಳಚಿ ಹಳೆಯ ಅರ್ಥವನ್ನೇ ಮತ್ತೆ ತೊಟ್ಟುಕೊಂಡಿದೆ. ಆ ಪಯಣದ ಜಾಡನ್ನು ನಾವೂ ಒಮ್ಮೆ ಹಿಡಿದು ನೋಡೋಣ.

ಹಳಗನ್ನಡದಲ್ಲಿ ಇದು ಪಸುರ್. ಪಸಿರ್ ಎಂಬ ರೂಪವೂ ಉಂಟು. ಪದದ ಮೊದಲಲ್ಲಿ ನಿಂತ ಪಕಾರ ಹಕಾರವಾಗುವ ಆ ದೊಡ್ಡ ಪಲ್ಲಟ ಹತ್ತನೆಯ ಶತಮಾನದ ಸುಮಾರಿಗೆ ತಲೆದೋರಿ, ಪಾಲ್ ಹಾಲಾಗಿ, ಪುಲಿ ಹುಲಿಯಾಗಿ, ಪೂ ಹೂವಾಗಿ, ಪೊನ್ ಹೊನ್ನಾಗಿ ನಡುಗನ್ನಡದಲ್ಲಿ ನೆಲೆನಿಂತಾಗ, ಪಸುರೂ ಆ ಗಾಳಿಗೆ ಸಿಕ್ಕಿ ಹಸುರ್ ಆಯಿತು, ಮುಂದೆ ಬಾಲಕ್ಕೊಂದು ಉಕಾರ ಅಂಟಿಸಿಕೊಂಡು ಹಸುರು ಆಯಿತು. ಕುವೆಂಪು ಅವರ ಪ್ರಸಿದ್ಧ ಕವಿತೆಯ ಹೆಸರು ‘ಹಸುರು’, ಬಿ.ಜಿ.ಎಲ್. ಸ್ವಾಮಿಯವರಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ತಂದುಕೊಟ್ಟ ಪುಸ್ತಕ ‘ಹಸುರು ಹೊನ್ನು’. ಆ ಹೆಸರಿನಲ್ಲಿ ಪಕ್ಕಪಕ್ಕ ಕುಳಿತ ಎರಡೂ ಪದಗಳು ಪಕಾರ ಕಳೆದುಕೊಂಡವೇ ಎಂಬುದು ನಮ್ಮಂಥವರಿಗೆ ಸಿಗುವ ಸಣ್ಣ ಸುಖ. ನಡುವಿನ ಉಕಾರ ಇಕಾರಕ್ಕೆ ಜಾರಿ ‘ಹಸಿರು’ ಎಂಬ ರೂಪವೇ ಪತ್ರಿಕೆಗಳಲ್ಲೂ ಫಲಕಗಳಲ್ಲೂ ಗಟ್ಟಿಯಾದದ್ದು ನಮ್ಮ ಕಣ್ಣೆದುರಿನ ಕಥೆ. ಮಲೆನಾಡಿನ ಹಿರಿಯರ ಬಾಯಲ್ಲಿ ಹಸುರು ಇನ್ನೂ ಹಸುರಾಗಿಯೇ ಇದೆ.

ಇದೇ ಕುಲದ ‘ಪಚ್ಚೆ’ಯ ಪಾಡು ಬೇರೆ. ಅದು ಎರಡು ಮನೆಯಾಯಿತು. ರತ್ನವಾಗಿ, ಪಚ್ಚಕರ್ಪೂರದ ಅಂಗವಾಗಿ, ಸುವಾಸನೆಯ ಪಚ್ಚೆತೆನೆಯಾಗಿ ಪಕಾರ ಉಳಿಸಿಕೊಂಡಿತು. ಮೈಮೇಲೆ ಚುಚ್ಚಿಸಿಕೊಳ್ಳುವ ಹಸಿರು ಗೀಟುಗಳಾದಾಗ ಮಾತ್ರ ಹಕಾರ ಹಿಡಿದು ‘ಹಚ್ಚೆ’ಯಾಯಿತು. ತಮಿಳರು ಇಂದಿಗೂ ಹಚ್ಚೆ ಚುಚ್ಚುವುದನ್ನು ‘ಪಚ್ಚೈ ಕುತ್ತು’ ಎನ್ನುತ್ತಾರೆ. ಹಚ್ಚಹಸಿರು ಎನ್ನುವಾಗ ಒಂದೇ ಬೇರಿನ ಎರಡು ಕುಡಿಗಳನ್ನು ಒಂದರ ಮೇಲೊಂದು ಪೇರಿಸುತ್ತೇವೆ. ಹೊದೆಯುವ ಹಚ್ಚಡ ಮಾತ್ರ ಈ ಮನೆಯದಲ್ಲ, ಅದು ಸಂಸ್ಕೃತದ ಪ್ರಚ್ಛದದಿಂದ ಇಳಿದು ಬಂದದ್ದು. ಹಟ್ಟಿಯ ಹಸುವೂ ಈ ಮನೆಯದಲ್ಲ, ಅದು ಪಶುವಿನ ತದ್ಭವ. ಹೊಟ್ಟೆಯ ಹಸಿವೆಯೂ ಅಲ್ಲ, ಅದರ ಬೇರು ಬೇರೆ. ಆದರೆ ಹಸುಗೂಸಿನ ‘ಹಸು’, ಹಸುಳೆಯ ಮೊದಲೆರಡು ಅಕ್ಷರ, ಇವು ನಮ್ಮ ಪದದ ನೇರ ನಂಟರು: ಇನ್ನೂ ಬಲಿಯದ ಎಳೆಯ ಜೀವ ಎಂಬುದೇ ಅಲ್ಲಿಯ ತಿರುಳು.

ಈ ಕುಲದ ನಡುಮನೆಯಲ್ಲಿ ಕುಳಿತದ್ದು ‘ಹಸಿ’. ಅದರ ಬಳಕೆಗಳನ್ನು ಎಣಿಸಹೊರಟರೆ ಸಂಜೆಯಾದೀತು. ಹಸಿ ಮೆಣಸಿನಕಾಯಿ, ಹಸಿ ಶುಂಠಿ, ಹಸಿ ಕಡಲೆ. ಸುಲಿದು ಬೇಯಿಸುವ ಮೊದಲಿನ ಹಸಿ ಅಡಿಕೆ. ಒಲೆಯಲ್ಲಿ ಹೊಗೆಯನ್ನಷ್ಟೇ ಕೊಡುವ ಹಸಿ ಸೌದೆ. ಇನ್ನೂ ಮಾಯದ ಹಸಿ ಗಾಯ. ಹೆತ್ತು ದಿನ ತುಂಬದ ಹಸಿ ಬಾಣಂತಿ. ಬೇಯಿಸದೆ ಬಡಿಸಿದಂಥ ಹಸಿ ಸುಳ್ಳು. ಅರೆಬೆಂದ ಹಸಿಬಿಸಿ ತಿಳಿವಳಿಕೆ. ನೋಡಿದ್ದು ಮನಸ್ಸಿನಲ್ಲಿ ಅಚ್ಚಾಗಿ ನಿಂತರೆ ಹಸಿಗೋಡೆಯಲ್ಲಿ ಹರಳು ನೆಟ್ಟ ಹಾಗೆ. ಹವ್ಯಕರ ಅಡುಗೆಮನೆಯಲ್ಲಿ ಮೊಸರು ಬೆರೆಸಿದ ‘ಹಶಿ’ ಒಂದು ಮೇಲೋಗರವೇ ಆಗಿದೆ. ನಗರದ ಪೌರಕಾರ್ಮಿಕರ ಬಾಯಲ್ಲಿ ಈಗ ಹಸಿ ಕಸ, ಒಣ ಕಸ ಎಂಬ ಜೋಡಿ ಹುಟ್ಟಿಕೊಂಡಿದೆ. ಬೆಂಗಳೂರಿನಲ್ಲಿ ಹಸಿ ಕಸದ ಬುಟ್ಟಿಗೆ ಹಸಿರು ಬಣ್ಣವನ್ನೇ ಗೊತ್ತುಮಾಡಿದವರಿಗೆ ತಾವು ಒಂದು ಹಳೆಯ ನಂಟನ್ನು ಕೂಡಿಸುತ್ತಿದ್ದೇವೆ ಎಂಬುದು ಹೊಳೆದಿತ್ತೋ ಇಲ್ಲವೋ! ಈ ಬಳಕೆಗಳಲ್ಲಿ ಎಷ್ಟರಲ್ಲಿ ಬಣ್ಣವಿದೆ ನೋಡಿ. ಗಾಯ ಕೆಂಪು, ಶುಂಠಿ ಕಂದು, ಬಾಣಂತಿಗೆ ಬಣ್ಣದ ಮಾತೇ ಇಲ್ಲ. ಎಲ್ಲದರಲ್ಲೂ ಇರುವುದು ಒಳಗಿನ ನೀರು, ಆರದ ಜೀವ, ಮುಗಿಯದ ಬೆಳವಣಿಗೆ. ಊರಿನವರಲ್ಲಿ ‘ಹಸಿ ಮರ ಕಡಿಯಬಾರದು’ ಎಂಬ ಮಾತು ಬಂದಾಗ ಅಲ್ಲಿಯೂ ಇದೇ ಲೆಕ್ಕ. ಬೇಸಗೆಯಲ್ಲಿ ಒಂದೆಲೆಯೂ ಇಲ್ಲದೆ ಬೋಳಾಗಿ ನಿಂತ ಮರ ಹಸಿರಲ್ಲ, ಆದರೆ ಕತ್ತಿ ತಾಗಿಸಿದರೆ ಹಸಿ.

ನೆರೆಹೊರೆಯ ನುಡಿಗಳಿಗೆ ಹೋದರೆ ಬಣ್ಣದ ಗೆರೆ ಇನ್ನೂ ಅಲುಗಾಡುತ್ತದೆ. ಬರೋ ಮತ್ತು ಎಮೆನೋ 1961ರಲ್ಲಿ ಹೊರತಂದ ದ್ರಾವಿಡ ವ್ಯುತ್ಪತ್ತಿಕೋಶದಲ್ಲಿ ಈ ಬಳಗಕ್ಕೆ ಸಿಕ್ಕಿರುವ ಜಾಗ ಸಣ್ಣದಲ್ಲ. ತಮಿಳಿನ ಪಚ್ಚೈ, ಪಸುಮೈ, ಮಲಯಾಳದ ಪಚ್ಚ, ತುಳುವಿನ ಪಚ್ಚೆ, ತೆಲುಗಿನ ಪಚ್ಚಿ, ಪಸಿ, ಪಚ್ಚ ಎಲ್ಲ ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ತೆಲುಗಿನ ‘ಪಚ್ಚ’ ಹಸಿರೂ ಹೌದು ಹಳದಿಯೂ ಹೌದು. ‘ಪಸುಪು’ ಎಂದರಂತೂ ಅರಿಸಿನವೇ. ಸಂಗಂ ಕಾಲದ ತಮಿಳು ಕವಿಗಳು ಅಗಲಿಕೆಯಲ್ಲಿ ಕಂದಿದ ಹೆಣ್ಣಿನ ಮೈಬಣ್ಣಕ್ಕೆ ‘ಪಸಲೈ’ ಎಂದು ಹೆಸರಿಟ್ಟರು: ಹಸಿರಿನ ಬೇರೇ ಅಲ್ಲಿ ಬಾಡಿದ ಹಳದಿಯಾಗಿದೆ. ಸಂಸ್ಕೃತಕ್ಕೆ ಹೋದರೆ ಅಲ್ಲಿಯೂ ಇದೇ ಆಟ. ಹರಿ, ಹರಿತ್, ಹರಿತ ಎಂಬವು ಹಸಿರಿಗೂ ಹಳದಿಗೂ ಸಲ್ಲುತ್ತವೆ. ಅರಿಸಿನ ಹರಿದ್ರಾ ಎನಿಸಿಕೊಳ್ಳುತ್ತದೆ. ನಮ್ಮ ಪಠ್ಯಪುಸ್ತಕದ ‘ಪತ್ರಹರಿತ್ತು’ ಅದೇ ಹರಿತ್ತಿನಿಂದ ಬಂದದ್ದು. ಒಂದೆಡೆ ಪಸುರ್-ಪಸುಪು, ಇನ್ನೊಂದೆಡೆ ಹರಿತ-ಹರಿದ್ರಾ. ಸಂಬಂಧವಿಲ್ಲದ ಎರಡು ಭಾಷಾಕುಲಗಳು ಒಂದೇ ದಾರಿಯಲ್ಲಿ ನಡೆದಿವೆ. ಎಲೆ ಹುಟ್ಟುವಾಗ ಹಳದಿಗೆ ಹತ್ತಿರ, ಬಲಿತಾಗ ಕಡುಹಸಿರು, ಹಣ್ಣಾದಾಗ ಮತ್ತೆ ಹಳದಿ. ಆ ಇಡೀ ಬಾಳನ್ನು ಒಂದು ಪದದಲ್ಲಿ ಹಿಡಿಯಲು ಹೋದವರಿಗೆ ಬಣ್ಣದ ಗಡಿ ಮುಖ್ಯವೆನಿಸಲಿಲ್ಲ.

ಗಡಿ ಬಿಗಿಯಾದದ್ದು ಈಚೆಗೆ, ಅದೂ ಬಣ್ಣವಾಗಿ ಅಲ್ಲ, ಘೋಷಣೆಯಾಗಿ. ಹಸಿರು ಕ್ರಾಂತಿ ಬಂತು, ರೈತ ಸಂಘದ ಹಸಿರು ಶಾಲು ಬಂತು, ಹಸಿರು ನಿಶಾನೆ, ಹಸಿರು ಪೀಠ, ಹಸಿರು ಇಂಧನ, ಕೊನೆಗೆ ಹಸಿರು ಪಟಾಕಿಯೂ ಬಂತು. ಇಲ್ಲೆಲ್ಲ ಹಸಿರು ಎಂದರೆ ‘ಒಳ್ಳೆಯದು’ ಎಂದಷ್ಟೇ ಅರ್ಥ. ಪಟಾಕಿಯಲ್ಲಿ ಬಣ್ಣವೂ ಇಲ್ಲ, ಹಸಿಯೂ ಇಲ್ಲ. ಇದೇ ಸಾಲಿನಲ್ಲಿ ಸದ್ದಿಲ್ಲದೆ ಸೇರಿಕೊಂಡದ್ದು ‘ಹಸಿರು ಹೊದಿಕೆ’. ಹೊದಿಕೆ ಪೊದೆ ಎಂಬ ಹಳೆಯ ಕ್ರಿಯಾಪದದ ಮಗಳು. ಹೊದ್ದವರಿಗೆ ಅದರ ಬಿಸುಪು ಗೊತ್ತು, ಮೇಲಿನಿಂದ ನೋಡುವವರಿಗೆ ಹರವು ಮಾತ್ರ ಗೊತ್ತು. ಕಾಡನ್ನು ಹೊದಿಕೆ ಎಂದು ಕರೆದ ಕೂಡಲೆ ನಾವು ನೋಡುವ ಜಾಗ ಬದಲಾಗುತ್ತದೆ. ನೆಲದ ಮೇಲೆ ನಿಂತಿದ್ದವರು ಒಮ್ಮೆಗೇ ನೂರಾರು ಕಿಲೋಮೀಟರ್ ಮೇಲೇರಿರುತ್ತೇವೆ. ಹಾಗೆ ಮೇಲೇರಿದಲ್ಲಿ ಸಿಗುವ ಯಂತ್ರದ ಹೆಸರು ಉಪಗ್ರಹ. ಅಮರಕೋಶದಲ್ಲಿ ಈ ಪದಕ್ಕೆ ಸೆರೆಯಾಳು ಎಂದು ಅರ್ಥ. ಭೂಮಿಯ ಸೆಳೆತಕ್ಕೆ ಸಿಕ್ಕಿ ಬಿಡುಗಡೆಯಿಲ್ಲದೆ ಸುತ್ತುವ ವಸ್ತುವಿಗೆ ಇದಕ್ಕಿಂತ ಒಪ್ಪುವ ಹೆಸರು ಬೇಕೇ?

1972ರ ಜುಲೈ 23ರಂದು ಅಮೆರಿಕ ಹಾರಿಸಿದ, ಮುಂದೆ ಲ್ಯಾಂಡ್‌ಸ್ಯಾಟ್-1 ಎಂದು ಹೆಸರಾದ ಉಪಗ್ರಹ ಭೂಮಿಯನ್ನು ನಾಲ್ಕು ಬೆಳಕುಪಟ್ಟಿಗಳಲ್ಲಿ ನೋಡಿತು. ಹಸಿರು ಒಂದು, ಕೆಂಪು ಒಂದು, ಉಳಿದೆರಡು ಮನುಷ್ಯನ ಕಣ್ಣಿಗೆ ನಿಲುಕದ ಸಮೀಪ ಅವಗೆಂಪು. ಅದರ ಒಂದೊಂದು ಚುಕ್ಕೆಯೂ ನೆಲದ ಮೇಲೆ ಸುಮಾರು 80 ಮೀಟರ್ ಅಗಲ. ಈಗ ಎಲೆಯ ಒಳಗಿನ ವ್ಯವಹಾರವನ್ನು ನೋಡಿ. ಪತ್ರಹರಿತ್ತು ನೀಲಿಯನ್ನೂ ಕೆಂಪನ್ನೂ ಹೀರಿ ಅನ್ನ ಮಾಡಿಕೊಳ್ಳುತ್ತದೆ, ಹಸಿರನ್ನು ಅಷ್ಟಾಗಿ ಹೀರದೆ ತುಸು ಹಿಂದಕ್ಕೆ ಬಿಡುತ್ತದೆ. ನಮ್ಮ ಕಣ್ಣಿಗೆ ಎಲೆ ಹಸಿರಾಗಿ ಕಾಣುವುದು ಆ ಉಳಿಕೆಯಿಂದ. ಆದರೆ ಎಲೆಯ ಒಡಲಲ್ಲಿ ಸಡಿಲವಾಗಿ ಜೋಡಿಸಿಕೊಂಡ ಜೀವಕೋಶಗಳು, ಅವುಗಳ ನಡುವಣ ಗಾಳಿಯ ಎಡೆಗಳು ಸೇರಿ ಸಮೀಪ ಅವಗೆಂಪಿನ ಸುಮಾರು ಅರ್ಧದಷ್ಟನ್ನು ಹಿಂದಕ್ಕೆ ಚೆಲ್ಲುತ್ತವೆ. ಆರೋಗ್ಯವಂತ ಎಲೆಯಲ್ಲಿ ಕೆಂಪಿನ ಪ್ರತಿಫಲನ ತೀರ ಕಡಿಮೆ, ಅವಗೆಂಪಿನದು ತೀರ ಹೆಚ್ಚು. ಎಲೆ ಬಾಡುತ್ತ ಬಂದಂತೆ ಈ ಅಂತರ ಕುಗ್ಗುತ್ತದೆ. 1973-74ರಲ್ಲಿ ಅಮೆರಿಕದ ಮಹಾಬಯಲಿನ ಹುಲ್ಲುಗಾವಲುಗಳನ್ನು ಅಳೆಯುತ್ತಿದ್ದ ಟೆಕ್ಸಾಸ್‌ನ ಜಾನ್ ರೌಸ್ ಮತ್ತು ಸಂಗಡಿಗರು ಈ ಅಂತರವನ್ನೇ ಒಂದು ಸೂತ್ರ ಮಾಡಿಕೊಂಡರು. ಅವಗೆಂಪಿನಿಂದ ಕೆಂಪನ್ನು ಕಳೆದು, ಬಂದದ್ದನ್ನು ಎರಡರ ಮೊತ್ತದಿಂದ ಭಾಗಿಸಿದರೆ ಆಯಿತು. ಫಲ ಋಣ ಒಂದರಿಂದ ಧನ ಒಂದರೊಳಗೆ ಬರುತ್ತದೆ. ನೀರಿಗೆ ಸೊನ್ನೆಗಿಂತ ಕಡಿಮೆ, ಬರಿ ಮಣ್ಣಿಗೆ ಸೊನ್ನೆಗಿಂತ ತುಸು ಮೇಲೆ, ದಟ್ಟ ಕಾಡಿಗೆ 0.6ಕ್ಕೂ ಮೀರಿ. ಎನ್‌ಡಿವಿಐ ಎಂದು ಜಗತ್ತೆಲ್ಲ ಕರೆಯುವ ಸಸ್ಯಸೂಚ್ಯಂಕ ಇದೇ.

ನಾವು ಇಲ್ಲಿ ತುಸು ನಿಲ್ಲಬೇಕು. ಜಗತ್ತಿನ ‘ಹಸಿರ’ನ್ನು ಅಳೆಯುವ ಈ ಸೂತ್ರದಲ್ಲಿ ಹಸಿರು ಬಣ್ಣವೇ ಇಲ್ಲ! ಉಪಗ್ರಹದ ಬಳಿ ಹಸಿರು ಪಟ್ಟಿ ಇದ್ದೂ ಸೂತ್ರ ಅದನ್ನು ಕೇಳುವುದಿಲ್ಲ. ಅದು ಕೇಳುವುದು ಒಂದೇ ಪ್ರಶ್ನೆ: ಈ ಎಲೆ ಬೆಳಕು ಉಣ್ಣುತ್ತಿದೆಯೇ, ಇದರ ಒಡಲು ಇನ್ನೂ ಗಟ್ಟಿಯಾಗಿದೆಯೇ? ಅಂದರೆ ಇದು ಹಸಿಯೇ? ಹಸಿರು ಎಂಬ ಪದ ಬಣ್ಣಕ್ಕೆ ತಿರುಗಿ ಶತಮಾನಗಳಾದ ಮೇಲೆ, ಯಂತ್ರವೊಂದು ಬಣ್ಣವನ್ನು ಬದಿಗಿಟ್ಟು ಹಸಿಯನ್ನು ಹುಡುಕಿಕೊಂಡು ಹೊರಟಿತು.

ಈ ಹುಡುಕಾಟಕ್ಕೆ ಯುದ್ಧದ ಹಿನ್ನೆಲೆಯೂ ಇದೆ. ಎರಡನೆಯ ಮಹಾಯುದ್ಧದಲ್ಲಿ ಹಸಿರು ಬಣ್ಣ ಬಳಿದ ಹೊದಿಕೆಯಡಿ ತೋಪು-ಟ್ಯಾಂಕುಗಳನ್ನು ಬಚ್ಚಿಟ್ಟರೆ ವಿಮಾನದ ಕಣ್ಣಿಗೆ ಅದೂ ಗಿಡಮರವೇ. ಆ ಮೋಸ ಬಯಲಿಗೆಳೆಯಲು ಕೊಡಾಕ್ ಕಂಪನಿ ಅವಗೆಂಪಿಗೆ ಮಿಡಿಯುವ ಬಣ್ಣದ ಫಿಲ್ಮನ್ನು ತಯಾರಿಸಿತು. ಜೀವಂತ ಎಲೆ ಅದರಲ್ಲಿ ಕಡುಗೆಂಪಾಗಿ ಮೂಡುತ್ತಿತ್ತು, ಹಸಿರು ಬಣ್ಣ ಬಳಿದ ಬಟ್ಟೆ ಬೇರೆಯಾಗಿ ಕಂಡು ಸಿಕ್ಕಿಬೀಳುತ್ತಿತ್ತು. ಹಸಿರಿರುವುದೆಲ್ಲ ಹಸಿಯಲ್ಲ ಎಂಬ ಪಾಠ ಅದು. ಭಾರತದ ದೂರಸಂವೇದನೆಯ ಮೊದಲ ಹೆಜ್ಜೆಗೂ ಆ ಬಗೆಯ ಫಿಲ್ಮೇ ಊರುಗೋಲು. 1970ರ ಸುಮಾರಿಗೆ ಪಿ.ಆರ್. ಪಿಷರೋಟಿಯವರ ತಂಡ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಹಾರಿ, ಬೇರು ಸೊರಗು ರೋಗ ತಗಲಿದ ಮರಗಳನ್ನು ಅವಗೆಂಪು ಚಿತ್ರಗಳಲ್ಲಿ ಗುರುತಿಸಿತು. ಆ ಫಿಲ್ಮಿನ ವಾಡಿಕೆ ಉಪಗ್ರಹ ಚಿತ್ರಗಳಿಗೂ ಇಳಿದು ಬಂದು, ಇಂದಿಗೂ ದೂರಸಂವೇದನೆಯ ವಿದ್ಯಾರ್ಥಿ ಮೊದಲ ದಿನ ಕಲಿಯುವ ‘ಹುಸಿವರ್ಣ’ದ ಚಿತ್ರದಲ್ಲಿ ಕಾಡೆಲ್ಲ ಕೆಂಪು. ಎಷ್ಟು ಹಸಿಯೋ ಅಷ್ಟು ಕೆಂಪು. ಹಳದಿಗೆ ಜಾರಿದ್ದ ಪದ ಈಗ ಕೆಂಪಿಗೂ ಹೊರಳಿತು ಎನ್ನಬೇಕೆ?

ಇನ್ನೂ ಮುಂದೆ ಹೋಗಿ, ಕಿರುತರಂಗದ ಅವಗೆಂಪನ್ನು ನೋಡಬಲ್ಲ ಉಪಗ್ರಹಗಳು ಎಲೆಯೊಳಗಿನ ನೀರನ್ನೇ ಅಂದಾಜು ಮಾಡತೊಡಗಿದವು. ಆ ತರಂಗವನ್ನು ನೀರು ಹೀರಿಬಿಡುತ್ತದೆ, ಎಲೆ ಒಣಗುತ್ತಿದ್ದಂತೆ ಪ್ರತಿಫಲನ ಏರುತ್ತದೆ. ಹೀಗೆ ಕೆಂಪಿನ ಪಟ್ಟಿಯಲ್ಲಿ ಎಲೆಯ ಉಣಿಸು, ಸಮೀಪ ಅವಗೆಂಪಿನಲ್ಲಿ ಅದರ ಒಡಲ ಗಟ್ಟಿತನ, ಕಿರುತರಂಗದಲ್ಲಿ ಅದರ ತೇವ. ಕನ್ನಡದ ‘ಹಸಿ’ ಎಂಬ ಎರಡಕ್ಷರದೊಳಗೆ ಒಟ್ಟಿಗೇ ಇದ್ದ ಅರ್ಥಗಳನ್ನು ಯಂತ್ರ ಒಂದೊಂದಾಗಿ ಬಿಡಿಸಿ ಬೇರೆ ಬೇರೆ ಕಣ್ಣಿನಿಂದ ಓದುತ್ತಿದೆ.

ಇಷ್ಟು ಸೂಕ್ಷ್ಮವಾಗಿ ಓದಿದ್ದು ಅಂಕಿಯಾಗಿ, ಆ ಅಂಕಿ ವರದಿಯಾಗಿ, ವರದಿ ತಲೆಬರಹವಾಗಿ ಕೆಳಗಿಳಿಯುವಷ್ಟರಲ್ಲಿ ಮತ್ತೆ ಘೋಷಣೆಯ ಹಸಿರಾಗಿಬಿಡುತ್ತದೆ ಎಂಬುದೇ ನಮ್ಮ ತಕರಾರು. ಉಡುಪಿಯ ಅದಮಾರಿನ ಯು.ಆರ್. ರಾವ್ ಇಸ್ರೋ ಅಧ್ಯಕ್ಷರಾಗಿದ್ದಾಗ, 1988ರ ಮಾರ್ಚ್ 17ರಂದು ಐಆರ್‌ಎಸ್-1ಎ ಬೈಕನೂರಿನಿಂದ ಮೇಲೇರಿ, ಭಾರತ ತನ್ನ ಕಾಡನ್ನು ತನ್ನದೇ ಉಪಗ್ರಹದಿಂದ ನೋಡುವ ಕಾಲ ತೆರೆಯಿತು. ಅದಕ್ಕೂ ಮೊದಲೇ, 1981ರಲ್ಲಿ, ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಹುಟ್ಟಿತ್ತು. 1987ರಿಂದ ಅದು ಎರಡು ವರ್ಷಕ್ಕೊಮ್ಮೆ ಎಂಬ ಲೆಕ್ಕದಲ್ಲಿ ದೇಶದ ಅರಣ್ಯಸ್ಥಿತಿಯ ವರದಿ ತರುತ್ತ ಬಂದಿದೆ. 2023ರ ವರದಿಯ ಪ್ರಕಾರ ಅರಣ್ಯ ಹೊದಿಕೆ 7,15,343 ಚದರ ಕಿ.ಮೀ., ದೇಶದ ನೆಲದ ಶೇ. 21.76. ಈ ಲೆಕ್ಕದಲ್ಲಿ ಅರಣ್ಯ ಎಂದರೆ ಏನು? ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ನೆಲದಲ್ಲಿ ಮರದ ನೆತ್ತಿಗಳು ಶೇ. 10ರಷ್ಟಾದರೂ ಜಾಗ ಮುಚ್ಚಿದ್ದರೆ ಸಾಕು. ಜಾಗ ಯಾರದು, ಮರ ಯಾವುದು, ನೆಟ್ಟದ್ದೋ ತಾನೇ ಹುಟ್ಟಿದ್ದೋ ಎಂಬ ವಿಚಾರಣೆಯಿಲ್ಲ. ಅಡಿಕೆ ತೋಟ, ತೆಂಗಿನ ತೋಪು, ಮಾವಿನ ತೋಪು, ನೆರಳುಮರಗಳಡಿಯ ಕಾಫಿ, ನೀಲಗಿರಿ ನೆಡುತೋಪು ಎಲ್ಲವೂ ಹೊದಿಕೆಯೊಳಗೆ. ಇದನ್ನು ವರದಿ ಬಚ್ಚಿಟ್ಟಿಲ್ಲ, ಮೊದಲ ಅಧ್ಯಾಯಗಳಲ್ಲೇ ಹೇಳಿಕೊಂಡಿದೆ. ನಾವು ಪತ್ರಿಕೆಯಲ್ಲಿ ‘ಕಾಡು ಹೆಚ್ಚಿದೆ’ ಎಂದು ಓದುವಾಗ ಆ ಮಾತು ಉದುರಿಹೋಗಿರುತ್ತದೆ, ಅಷ್ಟೆ.

ಜಾಗತಿಕ ಲೆಕ್ಕದಲ್ಲಿಯೂ ಇದೇ ಕಥೆ. ಉಪಗ್ರಹಗಳಲ್ಲಿರುವ ಮೋಡಿಸ್ ಎಂಬ ಉಪಕರಣದ 2000ದಿಂದ 2017ರವರೆಗಿನ ದತ್ತಾಂಶ ಆಧರಿಸಿ 2019ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನ, ಭೂಮಿಯ ಎಲೆಯ ಹರವು ಶೇ. 5ರಷ್ಟು ಹೆಚ್ಚಿದೆ, ಅದರಲ್ಲಿ ಮೂರನೆಯ ಒಂದು ಪಾಲು ಚೀನಾ ಮತ್ತು ಭಾರತದ್ದು ಎಂದಿತು. ಭಾರತ ಹಸಿರಾಗುತ್ತಿದೆ ಎಂದು ನಾವೆಲ್ಲ ಹಿಗ್ಗಿದೆವು. ಅಧ್ಯಯನದ ಮುಂದಿನ ಸಾಲುಗಳಲ್ಲಿ ಇನ್ನೊಂದು ಸಂಗತಿ ಇತ್ತು: ಚೀನಾದ ಹೆಚ್ಚಳದಲ್ಲಿ ಕಾಡಿನ ಪಾಲು ಶೇ. 42, ಭಾರತದ ಹೆಚ್ಚಳದಲ್ಲಿ ಬೆಳೆನೆಲದ್ದೇ ಶೇ. 82, ಕಾಡಿನದು ಶೇ. 4.4. ಅಂದರೆ ನಮ್ಮ ಹಸಿರು ಬಹುಮಟ್ಟಿಗೆ ನೀರೆತ್ತಿ ಗೊಬ್ಬರ ಹಾಕಿ ಒಂದೇ ಹೊಲದಲ್ಲಿ ಎರಡು-ಮೂರು ಬೆಳೆ ತೆಗೆದ ಹಸಿರು. ಅದು ಸುಳ್ಳಲ್ಲ, ಎಲೆ ಎಲೆಯೇ. ಆದರೆ ಕೊಯ್ಲಿನ ದಿನ ಅದು ಹೊಲದಿಂದ ಮನೆಗೆ ಹೋಗುವ ಹಸಿರು, ಅದರ ಹಸಿಯ ಬಹುಪಾಲು ಕೊಳವೆಬಾವಿಯದು.

ಹಸಿರು ಹೋಗಿ ಬಯಲಾದದ್ದನ್ನು ಉಪಗ್ರಹ ಚೆನ್ನಾಗಿ ಹಿಡಿಯುತ್ತದೆ. ಬ್ರೆಜಿಲ್ 1988ರಿಂದ ತನ್ನ ಅಮೆಜಾನ್ ಕಾಡಿನ ನಷ್ಟವನ್ನು ವರ್ಷ ವರ್ಷ ಉಪಗ್ರಹದಿಂದಲೇ ಎಣಿಸುತ್ತಿದೆ. 2004ರಲ್ಲಿ ಒಂದೇ ವರ್ಷ 27,772 ಚದರ ಕಿ.ಮೀ. ಕಡಿದದ್ದೂ, 2012ರ ಹೊತ್ತಿಗೆ ಅದು 4,571ಕ್ಕೆ ಇಳಿದದ್ದೂ ಆ ಎಣಿಕೆಯಿಂದಲೇ ಗೊತ್ತಾದದ್ದು, ಇಳಿಸಲು ಸಾಧ್ಯವಾದದ್ದರಲ್ಲಿ ಆ ಎಣಿಕೆಯ ಪಾತ್ರವೂ ದೊಡ್ಡದು. ಸಂಡೂರಿನ ಬೆಟ್ಟಗಳಲ್ಲಿ ಅದಿರು ಬಗೆದ ಜಾಗಗಳು ಹುಸಿವರ್ಣದ ಕೆಂಪಿನ ನಡುವೆ ಬೆಳ್ಳಗೆ ತೆರೆದುಕೊಂಡದ್ದು ಯಾರಿಗೂ ಕಾಣುವಂತಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ತಡೆದ ಪ್ರಕರಣದಲ್ಲಿ ಉಪಗ್ರಹ ಚಿತ್ರಗಳೂ ಪರಿಶೀಲನೆಗೆ ಬಂದವು. ಅವು ನೆಲದ ಹಸಿ ಗಾಯಗಳು ಎಂದರೆ ಪದ ತನ್ನ ಜಾಗದಲ್ಲೇ ಕೂರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು 1973ರಿಂದಾಚೆಯ ಚಿತ್ರಗಳನ್ನು ಒಂದರ ಮೇಲೊಂದಿಟ್ಟು, ನಾಲ್ಕು ದಶಕದಲ್ಲಿ ನಗರದ ಕಟ್ಟಡದ ಹರವು ಶೇ. 584 ಏರಿ ಗಿಡಮರದ ಹರವು ಶೇ. 66 ಕುಸಿದದ್ದನ್ನು ತೋರಿಸಿದ್ದೂ ಇದೇ ಬಗೆಯದು. ದಕ್ಷಿಣದ ಪಶ್ಚಿಮಘಟ್ಟ 1973ರಿಂದ 1995ರೊಳಗೆ ತನ್ನ ಕಾಡಿನ ನಾಲ್ಕನೆಯ ಒಂದು ಪಾಲಿಗೂ ಮಿಕ್ಕಿ, ಶೇ. 25.6ರಷ್ಟನ್ನು ಕಳೆದುಕೊಂಡಿತೆಂಬ ಝಾ, ದತ್, ಬಾವಾ ಅವರ 2000ದ ಲೆಕ್ಕವೂ ಹಾಗೆಯೇ.

ಕಷ್ಟ ಬರುವುದು ಒಂದು ಹಸಿರು ಹೋಗಿ ಇನ್ನೊಂದು ಹಸಿರು ಬಂದಲ್ಲಿ. ಉತ್ತರ ಕನ್ನಡದಲ್ಲಿ ಅದೇ ವಿಜ್ಞಾನ ಸಂಸ್ಥೆಯ ತಂಡದ ಲೆಕ್ಕದಂತೆ 1973ರಲ್ಲಿ ಜಿಲ್ಲೆಯ ಮೂರರಲ್ಲಿ ಎರಡು ಪಾಲು ನಿತ್ಯಹಸಿರು, ಅರೆನಿತ್ಯಹಸಿರು ಕಾಡಾಗಿದ್ದದ್ದು 2013ರ ವೇಳೆಗೆ ಮೂರರಲ್ಲಿ ಒಂದು ಪಾಲಿಗೆ ಇಳಿದಿದೆ. ಹಾಗೆಂದು ಉಳಿದದ್ದೆಲ್ಲ ಬಯಲಾಗಿಲ್ಲ. ಅಕೇಶಿಯಾ ಬಂತು, ಸಾಗುವಾನಿ ಬಂತು, ತೋಟ ಬಂತು. ಬರಿಯ ಸೂಚ್ಯಂಕದ ಕಣ್ಣಿಗೆ ಇವೆಲ್ಲ ದಟ್ಟವಾದ ಅಂಕಿಗಳೇ. ಏಪ್ರಿಲ್‌ನಲ್ಲಿ ಬಂಡೀಪುರದ ಎಲೆಯುದುರುವ ಕಾಡು ಬೋಳಾಗಿ ಅಂಕಿ ಕೆಳಗಿಳಿಯುತ್ತದೆ, ಅದೇ ಏಪ್ರಿಲ್‌ನಲ್ಲಿ ಕೆಳಗೆ ಹುಲ್ಲೂ ಬೆಳೆಯದ ಅಕೇಶಿಯಾ ನೆಡುತೋಪು ಎತ್ತರದಲ್ಲೇ ಇರುತ್ತದೆ. ಇವನ್ನು ಬೇರ್ಪಡಿಸಬೇಕಾದರೆ ಒಂದು ದಿನದ ಚಿತ್ರ ಸಾಲದು, ಋತುಋತುವಿನ ಏರಿಳಿತ ಬೇಕು, ಮರದ ನೆತ್ತಿಗಳ ಒರಟು-ನುಣುಪು ಬೇಕು. ಕೆರೆಯ ವಿಷಯದಲ್ಲಂತೂ ಹಸಿರು ತಿರುವುಮುರುವೇ ಆಗುತ್ತದೆ. ಬೆಂಗಳೂರಿನ ಕೊಳಚೆ ಕುಡಿದ ಕೆರೆಗಳ ಮೇಲೆ ಅಂತರಗಂಗೆ ಹಬ್ಬಿದಾಗ, ನೀರಿನ ಜಾಗದಲ್ಲಿ ಸೊನ್ನೆಯ ಕೆಳಗಿರಬೇಕಾದ ಅಂಕಿ ಸೊಂಪಾದ ಗದ್ದೆಯಂತೆ ಮೇಲೇರುತ್ತದೆ. ನಮ್ಮ ‘ಪಾಚಿ’ಯೂ ಪಸುರಿನ ಬೇರಿನದೇ, ಹಸಿರು ಯಾವಾಗಲೂ ಶುಭವಲ್ಲ ಎಂದು ಕುಲದೊಳಗೇ ಒಬ್ಬ ಸಾಕ್ಷಿ ಇದ್ದ ಹಾಗಾಯಿತು.

ಇತ್ತೀಚೆಗೆ ಕನ್ನಡಕ್ಕೆ ಬಂದ ಒಂದು ಹೊಸ ಜೋಡಿಪದವಂತೂ ಈ ಇಡೀ ಕಥೆಯನ್ನು ಎರಡೇ ಮಾತಿನಲ್ಲಿ ಹೇಳುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದಾಗ, ಕೆಲವೆಡೆ ಬಿದ್ದ ತಡವಾದ ಮಳೆಗೆ ಹೊಲಗಳು ಹಸಿರಾಗಿಯೇ ನಿಂತಿದ್ದವು, ತೆನೆ ಮಾತ್ರ ಕಟ್ಟಿರಲಿಲ್ಲ. ಬರ ನಿರ್ಧಾರದ ಕೇಂದ್ರದ ಕೈಪಿಡಿಯಲ್ಲಿ ಸಸ್ಯಸೂಚ್ಯಂಕವೂ ಒಂದು ಮಾನದಂಡವಾದ್ದರಿಂದ, ಹಸಿರು ಕಂಡಲ್ಲಿ ನಷ್ಟ ಕಾಣದೆ ಹೋಗಬಹುದೆಂಬ ಆತಂಕ ಎದ್ದಿತು. ಕಂದಾಯ ಸಚಿವರು ಕೇಂದ್ರ ತಂಡದ ಮುಂದೆ ಇದು ‘ಹಸಿರು ಬರ’ ಎಂದು ವಾದಿಸಿದರು. ಎರಡು ವಿರುದ್ಧ ಪದಗಳನ್ನು ಒಂದು ನೊಗಕ್ಕೆ ಕಟ್ಟಿದ ಈ ಮಾತು ರೈತರ ಬಾಯಲ್ಲೂ ಪತ್ರಿಕೆಗಳಲ್ಲೂ ಸಲೀಸಾಗಿ ಓಡಾಡಿತು. ಬಣ್ಣ ಉಳಿದು ಫಲ ಹೋದಾಗ ಕನ್ನಡಿಗರಿಗೆ ಅದನ್ನು ಹೇಳಲು ಹೊಸ ಪದ ಬೇಕಾಗಲಿಲ್ಲ, ಹಳೆಯ ಎರಡನ್ನು ಕೂಡಿಸಿದರೆ ಸಾಕಾಯಿತು.

ಹಾಗಾದರೆ ಪದಗಳನ್ನು ಪ್ರೀತಿಸುವ ನಮಗೆ ಇಲ್ಲೇನು ಕೆಲಸ ಎಂದು ಕೇಳಬಹುದು. ಇದೆ. ಉಪಗ್ರಹದ ಚಿತ್ರ ತಾನಾಗಿ ನಕ್ಷೆಯಾಗುವುದಿಲ್ಲ. ಯಾರೋ ಒಬ್ಬರು ಜಿಪಿಎಸ್ ಹಿಡಿದು ನೆಲಕ್ಕೆ ಹೋಗಿ, ಇಂಥ ಚುಕ್ಕೆ ಇಂಥದ್ದು ಎಂದು ಹೆಸರು ಬರೆದು ತರಬೇಕು. ಆ ಮಾದರಿಗಳನ್ನು ನೋಡಿ ಗಣಕ ಉಳಿದ ಲಕ್ಷಾಂತರ ಚುಕ್ಕೆಗಳಿಗೆ ಹೆಸರು ಹಂಚುತ್ತದೆ. ಹೆಸರಿನ ಪಟ್ಟಿಯಲ್ಲಿ ‘ಅರಣ್ಯ’ ಎಂಬುದೊಂದೇ ಇದ್ದರೆ ಕಾನೂ ಅಕೇಶಿಯಾವೂ ಅದರಲ್ಲೇ ಬೀಳುತ್ತವೆ; ಇದು ಕ್ಯಾಮೆರಾದ ದೋಷವಲ್ಲ, ಪದಕೋಶದ ಬಡತನ. ಮಲೆನಾಡಿನಲ್ಲಿ ಮೆಣಸಿನ ಬಳ್ಳಿ, ಬೈನೆ ಮರಗಳ ದಟ್ಟ ನಿತ್ಯಹಸಿರು ‘ಕಾನು’. 1868ರಲ್ಲೇ ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬದ ಕಾನುಗಳ ಮೇಲೆ ವರದಿ ಬರೆಯುವಾಗ ಆ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದರು. ಅಡಿಕೆ ತೋಟಕ್ಕೆ ಹಸಿ ಸೊಪ್ಪನ್ನೂ ದರಕು ಎಂಬ ಒಣ ತರಗೆಲೆಯನ್ನೂ ಕೊಡುವ, ಕಡಿದರೂ ಮತ್ತೆ ಚಿಗುರಲು ಬಿಡುವ ನೆಲ ‘ಸೊಪ್ಪಿನಬೆಟ್ಟ’. ಹುಲ್ಲಿಗೆಂದು ಬಿಟ್ಟದ್ದು ‘ಬ್ಯಾಣ’. ಕರಾವಳಿಯಲ್ಲಿ ಗದ್ದೆಯಂಚಿನ ಮರಗಾಡು ‘ಹಾಡಿ’. ಇವು ಒಂದೊಂದೂ ಮನುಷ್ಯ ಆ ಹಸಿರಿನ ಜೊತೆ ಏನು ಮಾಡಿದ್ದಾನೆ, ಎಷ್ಟು ತೆಗೆದಿದ್ದಾನೆ, ಎಷ್ಟು ಬಿಟ್ಟಿದ್ದಾನೆ ಎಂಬುದನ್ನು ಹೆಸರಿನೊಳಗೇ ಹೇಳುವ ಪದಗಳು. ಸಸ್ಯದ ಮೇಲೆ ಮಾನವನ ಪ್ರಭಾವ ಎಂದು ವಿಜ್ಞಾನಿಗಳು ಹುಡುಕುತ್ತಿರುವುದೂ ಅದನ್ನೇ. ಹಾಗಾಗಿ ಕಾನು, ಬೆಟ್ಟ, ಬ್ಯಾಣ, ಹಾಡಿಗಳನ್ನು ನಿಘಂಟಿನಲ್ಲಿ ಜತನವಾಗಿಡುವುದರ ಜೊತೆಗೆ ನಕ್ಷೆಯ ಸೂಚಿಯಲ್ಲೂ ಬರೆಸಬೇಕು. ಇಂದು 10 ಮೀಟರಿನ ಚುಕ್ಕೆಯ ಚಿತ್ರಗಳು ಯಾರಿಗೂ ಉಚಿತವಾಗಿ ಸಿಗುತ್ತವೆ, ಚುಕ್ಕೆಗೆ ಹೆಸರಿಡಬಲ್ಲವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಆ ಚಿತ್ರಗಳನ್ನೂ ಈ ಜನರನ್ನೂ ಕೂಡಿಸುವ ಕೆಲಸ ಭೂಗೋಳದವರದೆಷ್ಟೋ ಪದಜಿಜ್ಞಾಸುಗಳದೂ ಅಷ್ಟೆ.